ಮಲೆನಾಡಿನ ಒಂಟಿ ಮನೆಗೆ ಕರೆಂಟು, ಬಿಸಿನೀರು, ತಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಬದಿಂದ ಲೈನ್ ಎಳೆಸಲಾಗದ ತೋಟದ ಮನೆಯವರು, ಲೈನ್ ಇದ್ದರೂ ಮರ ಬಿದ್ದು ಮಳೆಗಾಲವಿಡೀ ಕತ್ತಲಲ್ಲಿ ಕೂರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಉತ್ತರಗಳೆಲ್ಲ ಎರಡು ಮಾತಿನ ಮೇಲೆ ನಿಂತಿವೆ. ವಿದ್ಯುತ್ತಿನ ಲೆಕ್ಕವನ್ನು ಪುನರ್ವಸು, ಪುಷ್ಯ ಮಳೆಗೆ ಹಾಕಬೇಕು, ಏಪ್ರಿಲ್ ಬಿಸಿಲಿಗೆ ಹಾಕಬಾರದು. ನೀರು ಕಾಯಿಸುವ, ಅನ್ನ ಬೇಯಿಸುವ ಕೆಲಸವನ್ನು ಬ್ಯಾಟರಿಯ ತಲೆಗೆ ಕಟ್ಟಬಾರದು.

## ಶುರು ಮಾಡುವ ಮುನ್ನ

ನಾವು ನಾಲ್ಕು ಜನ. ಎಷ್ಟು ಕಿಲೋವ್ಯಾಟ್ ಸೋಲಾರ್ ಬೇಕು?

ಜನರ ಲೆಕ್ಕದಿಂದ ಇದು ಸಿಗುವುದಿಲ್ಲ, ದಿನದ ಯೂನಿಟ್ ಲೆಕ್ಕದಿಂದ ಸಿಗುತ್ತದೆ. ಒಂದೊಂದು ಉಪಕರಣದ ವ್ಯಾಟ್ ಅನ್ನು ಅದು ಓಡುವ ಗಂಟೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಸಾಧಾರಣ ತೋಟದ ಮನೆಯೊಂದರ ಪಟ್ಟಿ ಹೀಗಿರುತ್ತದೆ:

- 9 ವ್ಯಾಟಿನ 8 ಎಲ್‌ಇಡಿ ಬಲ್ಬು, 4 ಗಂಟೆ: 0.3 ಯೂನಿಟ್
- 30 ವ್ಯಾಟಿನ 3 ಬಿಎಲ್‌ಡಿಸಿ ಫ್ಯಾನು (ಕಡಿಮೆ ಕರೆಂಟು ತಿನ್ನುವ ಮೋಟಾರಿನದು), 8 ಗಂಟೆ: 0.7
- 190 ಲೀಟರಿನ ಫ್ರಿಜ್: 0.8
- ಮಿಕ್ಸಿ, ಟಿವಿ, ವಾಷಿಂಗ್ ಮಷೀನು: 0.55
- ವೈಫೈ, ಮೊಬೈಲು, ಲ್ಯಾಪ್‌ಟಾಪು: 0.45
- 1 ಎಚ್‌ಪಿ ಪಂಪು, ಅರ್ಧ ಗಂಟೆ: 0.55
- ಇನ್ವರ್ಟರ್ ಸುಮ್ಮನೆ ಚಾಲೂ ಇರುವುದಕ್ಕೆ ತಿನ್ನುವುದು, 35 ವ್ಯಾಟ್, 24 ಗಂಟೆ: 0.8

ಒಟ್ಟು 4 ಯೂನಿಟ್ ದಾಟುತ್ತದೆ. ಕೊನೆಯ ಸಾಲನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ, ಆದರೆ ಅದು ಒಂದು ಫ್ರಿಜ್ಜಿನಷ್ಟು ತಿನ್ನುತ್ತದೆ. ಮಳೆಗಾಲದಲ್ಲಿ ಫ್ಯಾನು ಬೇಡ, ಗುಡ್ಡದಿಂದ ತಾನೇ ಹರಿದು ಬರುವ ಅಬ್ಬಿ ನೀರಿದ್ದರೆ ಪಂಪೂ ಬೇಡ, ಆಗ 3 ಯೂನಿಟ್‌ಗಿಂತ ಕೆಳಗೆ ಇಳಿಯುತ್ತದೆ. ಇಂಥ ಮನೆಗೆ ಘಟ್ಟದ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಬೇಕು. ಬಯಲುಸೀಮೆಯಲ್ಲಾದರೆ ಒಂದೂವರೆ ಸಾಕು.

ಮಳೆಗಾಲದಲ್ಲಿ ಸೋಲಾರ್ ಏನೂ ಕೆಲಸ ಮಾಡಲ್ಲ ಅಂತಾರೆ, ಹೌದಾ?

ಪೂರ್ತಿ ನಿಲ್ಲುವುದಿಲ್ಲ, ಬಹಳ ಕಡಿಮೆಯಾಗುತ್ತದೆ. ನೆರಳಿಲ್ಲದ 1 ಕಿಲೋವ್ಯಾಟ್ ಪ್ಯಾನೆಲ್ ಮಾರ್ಚಿನಲ್ಲಿ ದಿನಕ್ಕೆ 4ರಿಂದ 5 ಯೂನಿಟ್ ಕೊಡುತ್ತದೆ. ಜುಲೈನಲ್ಲಿ ತೀರ್ಥಹಳ್ಳಿ, ಶೃಂಗೇರಿ, ಮಡಿಕೇರಿ ಕಡೆ ಸರಾಸರಿ ಒಂದೂವರೆ ಯೂನಿಟ್ ಎಂದು ಹಿಡಿಯುವುದು ಸುರಕ್ಷಿತ. ಬಿಡದೆ ಹೊಯ್ಯುವ ದಿನ ಅದು ಅರ್ಧ ಯೂನಿಟ್‌ಗೂ ಇಳಿಯಬಹುದು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಇಂಥ ದಿನಗಳು ಸಾಲಾಗಿ ಬರುತ್ತವೆ.

ಇದಕ್ಕೆ ದೊಡ್ಡ ಬ್ಯಾಟರಿ ಮದ್ದಲ್ಲ. ಮೂರು ವಾರದ ಮೋಡಕ್ಕೆ ಸಾಲುವ ಬ್ಯಾಟರಿಯನ್ನು ಯಾರೂ ಕೊಳ್ಳಲಾರರು, ಕೊಂಡರೂ ಅದನ್ನು ತುಂಬಿಸುವಷ್ಟು ಬಿಸಿಲಿರುವುದಿಲ್ಲ. ಪ್ಯಾನೆಲ್ ಹೆಚ್ಚಿಸಿ, ಬ್ಯಾಟರಿ ಎರಡು ದಿನಕ್ಕೆ ಸಾಲುವಷ್ಟಿರಲಿ. ಮೂರನೆಯ ದಿನಕ್ಕೆ ಬೇರೆ ಮೂಲ ಇಟ್ಟುಕೊಳ್ಳಿ: ಹಳ್ಳದ ನೀರು, ಅದಿಲ್ಲದಿದ್ದರೆ 2ರಿಂದ 3 ಕೆವಿಎ ಜನರೇಟರು.

ಲೈನ್ ಇದೆ, ಆದ್ರೆ ಜುಲೈನಲ್ಲಿ ವಾರಗಟ್ಟಲೆ ಕರೆಂಟಿರಲ್ಲ. ಆನ್‌ಗ್ರಿಡ್ ಸೋಲಾರ್ ಹಾಕಿಸಿದ್ರೆ ಸಾಕಲ್ವಾ?

ಸಾಲದು. ಆನ್‌ಗ್ರಿಡ್ ಎಂದರೆ ಬ್ಯಾಟರಿಯಿಲ್ಲದೆ ನೇರ ಲೈನಿಗೇ ಜೋಡಿಸಿದ ಸೋಲಾರ್. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಅದರ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯ ವಿದ್ಯುತ್ತು ಹೊಡೆಯಬಾರದೆಂದೇ ಹಾಗೆ ಮಾಡಿದ್ದಾರೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಮನೆಯೊಳಗೆ ಬಲ್ಬು ಹತ್ತುವುದಿಲ್ಲ. ನಿಮಗೆ ಬೇಕಿರುವುದು ಲೈನ್ ಇದ್ದಾಗಲೂ ಇಲ್ಲದಾಗಲೂ ಓಡುವ, ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್. ಕೊಳ್ಳುವ ಮುನ್ನ ಲೈನ್ ತಂತಿ ಕಿತ್ತು, ಬ್ಯಾಟರಿ ಮತ್ತು ಪ್ಯಾನೆಲ್ ಮಾತ್ರ ಇಟ್ಟು ಓಡಿಸಿ ತೋರಿಸಲು ಹೇಳಿ.

## ಪ್ಯಾನೆಲ್, ಬ್ಯಾಟರಿ, ತಂತಿ

ಟ್ಯೂಬ್ಯುಲರ್ ಬ್ಯಾಟರಿ ತಗೊಳ್ಳೋದಾ, ಲಿಥಿಯಮ್ಮಾ?

ವರ್ಷವಿಡೀ ವಾಸವಿರುವ ಮನೆಗೆ ಲಿಥಿಯಮ್ ಐರನ್ ಫಾಸ್ಫೇಟ್ ಎಂದು ನೇರವಾಗಿ ಹೇಳುತ್ತೇವೆ. 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್, ಅಂದರೆ ಸೀಸ-ಆಸಿಡ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ, ಅದರ ಆಯಸ್ಸು ಉಳಿಯಬೇಕಾದರೆ ಬಳಸಬಹುದಾದ್ದು ಅರ್ಧ. ಅಂಥ ನಾಲ್ಕನ್ನು ಸಾಲಾಗಿ ಜೋಡಿಸಿದರೆ ಕೈಗೆ ಸಿಗುವುದು 3.6 ಯೂನಿಟ್. 51.2 ವೋಲ್ಟ್, 200 ಎಎಚ್ ಲಿಥಿಯಮ್ ಬ್ಯಾಟರಿಯಲ್ಲಿ 10 ಯೂನಿಟ್ ಇದ್ದು, 8ಕ್ಕೂ ಹೆಚ್ಚು ಧಾರಾಳವಾಗಿ ಬಳಸಬಹುದು. ನಮ್ಮ 4 ಯೂನಿಟ್ಟಿನ ಮನೆಗೆ ಅದು ಎರಡು ದಿನ ಬರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸೀಸದ ಬ್ಯಾಟರಿ ಆಗಾಗ ಪೂರ್ತಿ ತುಂಬಲೇಬೇಕು, ಲಿಥಿಯಮ್ ಅರೆತುಂಬಿಯೇ ತಿಂಗಳು ಕಳೆದರೂ ಕೆಡುವುದಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಇದೇ ನಿರ್ಣಾಯಕ. ವಾರಕ್ಕೊಮ್ಮೆ ಹೋಗಿ ಬರುವ ಮನೆಗೆ, ನಾಲ್ಕು ಬಲ್ಬಿನ ಕಾವಲು ಶೆಡ್ಡಿಗೆ ಟ್ಯೂಬ್ಯುಲರ್ ಸಾಕು.

ಐದು ವರ್ಷ ಗ್ಯಾರಂಟಿ ಅಂದ್ರು, ಬ್ಯಾಟರಿ ಎರಡೇ ಮಳೆಗಾಲಕ್ಕೆ ಸತ್ತುಹೋಯ್ತು. ಯಾಕೆ?

ಬಹುಪಾಲು ಸಲ ಕಾರಣ ಒಂದೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ ಒಮ್ಮೆಯೂ ಪೂರ್ತಿ ತುಂಬಿರುವುದಿಲ್ಲ. ಅರೆತುಂಬಿದ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ತಡವಾದರೆ ಹತ್ತು ದಿನಕ್ಕೊಮ್ಮೆ, ಜನರೇಟರಿನಿಂದ ತುಂಬಿಸಿ. ಚಾರ್ಜಿಂಗ್ ಕರೆಂಟು ಎಎಚ್‌ನ ಹತ್ತನೇ ಒಂದು ಭಾಗ, ಅಂದರೆ 150 ಎಎಚ್‌ಗೆ 15 ಆಂಪಿಯರ್ ಇರಲಿ. 12 ವೋಲ್ಟಿನ ಪ್ರತಿ ಬ್ಯಾಟರಿಗೆ 14.4 ವೋಲ್ಟಿನಲ್ಲಿ ಕೆಲವು ಗಂಟೆ ನಿಲ್ಲಬೇಕು. ಎಲ್ಲ ಸೆಲ್ಲಿನಲ್ಲೂ ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ) ಅದ್ದಿ ನೋಡಿ: ತುಂಬಿದ ಟ್ಯೂಬ್ಯುಲರ್ ಬ್ಯಾಟರಿ 1.240ರ ಆಸುಪಾಸು ತೋರಿಸಬೇಕು. ಒಂದೇ ಸೆಲ್ಲು ಉಳಿದವುಗಳಿಗಿಂತ 0.030ರಷ್ಟು ಕೆಳಗಿದ್ದರೆ ಅದು ಹಾಳಾಗುತ್ತಿದೆ ಎಂದರ್ಥ. ಕಡಿಮೆಯಾದ ನೀರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರೂ ಬೇಡ, ಆಸಿಡ್ಡೂ ಬೇಡ. ಚಾರ್ಜಾಗುವಾಗ ಹೈಡ್ರೋಜನ್ ಹೊರಡುವುದರಿಂದ ಬ್ಯಾಟರಿಯನ್ನು ದೇವರ ದೀಪ ಹಚ್ಚುವ, ಒಲೆ ಉರಿಯುವ ಕೋಣೆಯಲ್ಲಿ ಇಡಬೇಡಿ.

12 ವೋಲ್ಟಿನ ಸಿಸ್ಟಮ್ ಅಗ್ಗ ಅಲ್ವಾ, 48 ಯಾಕೆ?

ತಂತಿಯಲ್ಲಿ ಕಳೆದುಹೋಗುವುದನ್ನು ನೋಡಿ. 240 ವ್ಯಾಟನ್ನು 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 15 ಮೀಟರ್ ದೂರ ಒಯ್ಯಬೇಕು ಎಂದುಕೊಳ್ಳಿ. 12 ವೋಲ್ಟಿನಲ್ಲಿ 20 ಆಂಪಿಯರ್ ಹರಿದು 2.6 ವೋಲ್ಟು ದಾರಿಯಲ್ಲೇ ಹೋಗುತ್ತದೆ, ಅಂದರೆ ಐದರಲ್ಲೊಂದು ಪಾಲಿಗೂ ಹೆಚ್ಚು. 48 ವೋಲ್ಟಿನಲ್ಲಿ 5 ಆಂಪಿಯರ್ ಹರಿದು ಹೋಗುವುದು 0.65 ವೋಲ್ಟು, ನೂರಕ್ಕೆ ಒಂದೂವರೆಗಿಂತ ಕಡಿಮೆ. 1 ಕಿಲೋವ್ಯಾಟ್ ಮೀರುವ ಯಾವ ಮನೆಗೂ 48 ವೋಲ್ಟೇ ಸರಿ.

ಪ್ಯಾನೆಲ್ ದಕ್ಷಿಣಕ್ಕೆ ಎಷ್ಟು ಓರೆ ಇರ್ಬೇಕು?

ಸಾಗರ, ಶಿವಮೊಗ್ಗದ ಅಕ್ಷಾಂಶ ಸುಮಾರು 14 ಡಿಗ್ರಿ, ಆದ್ದರಿಂದ ಓರೆಯೂ ಅಷ್ಟೇ ಎನ್ನುವುದು ವಾಡಿಕೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಬೆಳಕು ತೀರಾ ಬೇಕಾದ ತಿಂಗಳುಗಳೂ ಅವೇ. ಹಾಗಾಗಿ 10 ಡಿಗ್ರಿ ಸಾಕು. ಅದಕ್ಕಿಂತ ಚಪ್ಪಟೆಯಾದರೆ ಕೆಳಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಆ ಪಾಚಿ ಕೆಳಗಿನ ಸಾಲಿನ ಸೆಲ್ಲುಗಳನ್ನು ಮುಚ್ಚಿದರೆ ಪ್ಯಾನೆಲ್ಲಿನ ದೊಡ್ಡ ಪಾಲೇ ಸುಮ್ಮನಾಗುತ್ತದೆ.

ಓರೆಗಿಂತ ನೆರಳು ಹತ್ತು ಪಟ್ಟು ಮುಖ್ಯ. ಒಂದು ಅಡಿಕೆ ಮರದ ತೆಳು ನೆರಳು ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಇಳುವರಿಯನ್ನು ಎಳೆದು ಕೆಡವುತ್ತದೆ. ಮನೆಯ ಮಾಡು ಮರಗಳ ನಡುವೆ ಇದ್ದರೆ ಪ್ಯಾನೆಲ್ಲನ್ನು ಅಡಿಕೆ ಒಣಗಿಸುವ ಅಂಗಳದ ಅಂಚಿಗೆ ಒಯ್ಯಿರಿ.

ಮಂಗಗಳು ತಂತಿ ಕಿತ್ತುಹಾಕ್ತವೆ, ಏನು ಮಾಡೋದು?

ಪ್ಯಾನೆಲ್ಲಿನ ಹಿಂದೆ ಒಂದು ತಂತಿಯೂ ಜೋತಾಡಬಾರದು. ಎಲ್ಲವನ್ನೂ ಜಿಐ ಪೈಪಿನೊಳಗೆ ತಂದು, ಫ್ರೇಮಿಗೆ ಸ್ಟೀಲ್ ಪಟ್ಟಿಯಿಂದ ಬಿಗಿಯಿರಿ. ಪ್ಲಾಸ್ಟಿಕ್ ಟೈ ಎರಡು ಬೇಸಿಗೆಗೆ ಪುಡಿಯಾಗುತ್ತದೆ.

## ಬಿಸಿ

ಗೀಸರ್ ಬೇಡ ಅಂತೀರಿ. ದಿನಕ್ಕೆ ಅರ್ಧ ಗಂಟೆ ಹಾಕಿದ್ರೆ ಎಷ್ಟು ತಿನ್ನುತ್ತೆ?

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವ್ಯಾಟ್ ಅವರ್ ಬೇಕು, ಯಾವ ಕಂಪನಿಯ ಗೀಸರ್ ಆದರೂ ಇದು ಬದಲಾಗದು. ನಾಲ್ವರ ಸ್ನಾನಕ್ಕೆ 80 ಲೀಟರನ್ನು 20 ಡಿಗ್ರಿಯಿಂದ 42ಕ್ಕೆ ಏರಿಸಲು 2 ಯೂನಿಟ್ ಬೇಕು. ಮನೆಯ ಉಳಿದೆಲ್ಲ ಬಳಕೆಯ ಅರ್ಧದಷ್ಟು ಸ್ನಾನಕ್ಕೇ ಹೋಯಿತು. ಅದನ್ನು ಬ್ಯಾಟರಿಯಿಂದ ಕೊಟ್ಟರೆ ಬ್ಯಾಟರಿ ಆಯಸ್ಸಿನ ಮೂರರಲ್ಲೊಂದು ಪಾಲು ಬಚ್ಚಲಲ್ಲಿ ಹರಿದುಹೋದಂತೆ.

ಹಾಗಾದ್ರೆ ಬಚ್ಚಲೊಲೆಯೇ ಗತಿಯಾ? ಹೊಗೆ, ಕಟ್ಟಿಗೆ ಎರಡೂ ಸಾಕಾಗಿದೆ.

ಬಚ್ಚಲೊಲೆ ಒಳ್ಳೆಯದೇ, ಅದನ್ನು ಕಟ್ಟುವ ರೀತಿ ಬದಲಾಗಬೇಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ 4 ಯೂನಿಟ್‌ಗಿಂತ ಹೆಚ್ಚು ಶಾಖವಿದೆ. ಬಾಯಿ ಅಗಲವಾದ ಹಳೆಯ ಒಲೆಯಲ್ಲಿ ಅದರ ನೂರಕ್ಕೆ 10–15 ಪಾಲು ಮಾತ್ರ ಹಂಡೆಗೆ ತಲುಪುತ್ತದೆ, ಹಾಗಾಗಿ ಮೇಲಿನ ಸ್ನಾನಕ್ಕೆ 4 ಕಿಲೋ ಕಟ್ಟಿಗೆ ಬೇಕಾಗುತ್ತದೆ. ಕೆಳಗೆ ಕಬ್ಬಿಣದ ಜಾಲರಿ, ಗಾಳಿಗೆ ಬೇರೆ ಕಂಡಿ, ಹಂಡೆಯ ಸುತ್ತ ಎರಡು ಬೆರಳಿನಷ್ಟೇ ಸಂದು, ಹಿಂಬದಿಯಿಂದ 4 ಇಂಚಿನ ಹೊಗೆ ಕೊಳವೆ ಇಟ್ಟು ಕಟ್ಟಿದರೆ ಒಂದೂವರೆ ಕಿಲೋದಲ್ಲಿ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿದ್ದು ಇದೇ ತತ್ವದ ಮೇಲೆ: ಗಾಳಿಯನ್ನು ಅಳೆದು ಬಿಡು, ಬೆಂಕಿಯನ್ನು ಪಾತ್ರೆಗೆ ಒತ್ತಿ ಹಾಯಿಸು. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಿರಬೇಕು, ಇಲ್ಲವಾದರೆ ಗಾಳಿ ಬೀಸಿದಾಗ ಹೊಗೆ ಒಳಗೇ ಮಗುಚುತ್ತದೆ.

ಕಟ್ಟಿಗೆ ಹಸಿಯಾಗಿದ್ದರೆ ಈ ಲೆಕ್ಕವೆಲ್ಲ ಸುಳ್ಳು. ಫೆಬ್ರವರಿಯಿಂದ ಏಪ್ರಿಲ್‌ನೊಳಗೆ ಒಡೆದು, ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆಯಲ್ಲಿ ಗಾಳಿಯಾಡುವಂತೆ ಪೇರಿಸಿ. ಅಡಿಕೆ ಸಿಪ್ಪೆ, ತೆಂಗಿನ ಗರಟ, ಕಾಫಿ ಚಿಗುರು ಕತ್ತರಿಸಿದ ರೆಂಬೆ ಎಲ್ಲವೂ ಆಗುತ್ತದೆ.

ಒಂದು ಎಚ್ಚರಿಕೆ: ಒಲೆಯೊಳಗೆ ತಾಮ್ರದ ಸುರುಳಿ ಕೊಳವೆ ಹಾಕಿ ಟ್ಯಾಂಕಿಗೆ ಜೋಡಿಸುವುದಾದರೆ, ಟ್ಯಾಂಕಿನ ಮೇಲಿಂದ ಬಾಯಿ ತೆರೆದ ಗಾಳಿ ಪೈಪು ಇರಲೇಬೇಕು. ಸುರುಳಿ ಮತ್ತು ಆ ಪೈಪಿನ ನಡುವೆ ಯಾವ ವಾಲ್ವೂ ಇರಬಾರದು. ಯಾರಾದರೂ ವಾಲ್ವ್ ಮುಚ್ಚಿದ ದಿನ ಒಳಗಿನ ನೀರು ಆವಿಯಾಗಿ ಕೊಳವೆ ಸಿಡಿಯುತ್ತದೆ.

ಸೋಲಾರ್ ವಾಟರ್ ಹೀಟರ್ ಹಾಕಿಸಬಹುದಾ?

ಹಾಕಿಸಿ, ಅಕ್ಟೋಬರಿನಿಂದ ಮೇವರೆಗೆ ಕಟ್ಟಿಗೆ ಉಳಿಯುತ್ತದೆ. ದಿನಕ್ಕೆ 100 ಲೀಟರಿನ ಫ್ಲಾಟ್ ಪ್ಲೇಟ್ ಹೀಟರಿಗೆ 2 ಚದರ ಮೀಟರ್ ಫಲಕ ಸಾಕು. ಮಳೆಗಾಲಕ್ಕೆ ಒಲೆ ಇರಲೇಬೇಕು.

ಎರಡು ಹಸು ಇವೆ. ಗೋಬರ್ ಗ್ಯಾಸ್ ಅಡಿಗೆಗೆ ಸಾಕಾಗುತ್ತಾ? ಅದ್ರಿಂದ ಕರೆಂಟ್ ಮಾಡಬಹುದಾ?

2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಮಲೆನಾಡು ಗಿಡ್ಡ ಚಿಕ್ಕ ಹಸು, ಎರಡರಿಂದ ಅಷ್ಟು ಸಗಣಿ ಬರುವುದಿಲ್ಲ. ಕೊಟ್ಟಿಗೆಯಲ್ಲೇ ಕಟ್ಟುವ ಮಿಶ್ರತಳಿ ಮೂರ್ನಾಲ್ಕಿದ್ದರೆ ಬರುತ್ತದೆ. ಗಿಡ್ಡ ಎರಡೇ ಇದ್ದರೆ 1 ಘನ ಮೀಟರಿನದು ಕಟ್ಟಿಸಿ, ಅಡಿಗೆಮನೆಯ ಹಸಿ ಕಸವನ್ನೂ ಕಲಸಿ ಹಾಕಿ. 1 ಘನ ಮೀಟರ್ ಗ್ಯಾಸು ಸುಮಾರು 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ.

ಚಳಿಗಾಲ ಮತ್ತು ಜಡಿಮಳೆಯಲ್ಲಿ ಗ್ಯಾಸು ಇಳಿಯುತ್ತದೆ, ಏಕೆಂದರೆ ಒಳಗಿನ ಸೂಕ್ಷ್ಮಜೀವಿಗಳಿಗೆ 30–35 ಡಿಗ್ರಿ ಹಿತ. ಕಲಸಲು ಬೆಚ್ಚನೆಯ ನೀರು ಬಳಸಿ, ಮೇಲೆ ಒಣ ಸೊಪ್ಪು ಮುಚ್ಚಿ. ಕರೆಂಟಿನ ಆಸೆ ಬಿಡಿ. 2 ಘನ ಮೀಟರ್ ಗ್ಯಾಸಿನಿಂದ ಎಂಜಿನ್ ಓಡಿಸಿದರೆ 3 ಯೂನಿಟ್ ಬಂದೀತು, ಅದೇ ಗ್ಯಾಸು ಮನೆಯ ಅಡಿಗೆಯನ್ನೇ ನಡೆಸುತ್ತದೆ.

ಡಿಸೆಂಬರಿನಲ್ಲಿ ಮಲಗುವ ಕೋಣೆಗೆ ರೂಮ್ ಹೀಟರ್?

ಬೇಡ. ನಮ್ಮ ಚಳಿಗೆ ಕಂಬಳಿ, ಸಂದು ಮುಚ್ಚಿದ ಕಿಟಕಿ, ಮರದ ಮುಚ್ಚಿಗೆ ಸಾಕು. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಮಾತ್ರ ಎಂದಿಗೂ ಕೂಡದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

## ತಂಪು

ಬೇಸಿಗೆಗೆ ಕೂಲರ್ ಹಾಕಿದ್ರೆ ಎಸಿ ಬೇಡ್ವಲ್ಲಾ?

ಅದು ಊರಿನ ಮೇಲೆ ಹೋಗುತ್ತದೆ. ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲು, ನೂರಕ್ಕೆ 20 ತೇವಾಂಶ ಇರುವ ಮಧ್ಯಾಹ್ನ ಒಳ್ಳೆಯ ಕೂಲರ್ 26 ಡಿಗ್ರಿಯ ಗಾಳಿ ಕೊಡಬಲ್ಲದು, 150–200 ವ್ಯಾಟ್ ತಿಂದು. ಕುಂದಾಪುರದಲ್ಲಿ ಅದೇ ಕೂಲರ್ ನಾಲ್ಕು ಡಿಗ್ರಿ ಇಳಿಸಿ ಕೋಣೆಯನ್ನು ಒದ್ದೆ ಮಾಡುತ್ತದೆ, ಬೆವರು ಆರುವುದಿಲ್ಲ. ಕರಾವಳಿಯಲ್ಲಿ ಗಾಳಿಯ ಓಡಾಟವೇ ತಂಪು. ಎತ್ತರದ ಮಾಡು, ನೆತ್ತಿಯಲ್ಲಿ ಬಿಸಿಗಾಳಿ ಹೋಗುವ ಕಂಡಿ, ಎದುರುಬದುರು ಕಿಟಕಿ, ಮಂಚದ ಮೇಲೆ ಬಿಎಲ್‌ಡಿಸಿ ಫ್ಯಾನು ಇರಲಿ.

ಎಸಿ ಬೇಕೇ ಬೇಕಾದರೆ 1 ಟನ್ ಇನ್ವರ್ಟರ್ ಎಸಿ ರಾತ್ರಿ ಆರು ಗಂಟೆ ಹೊತ್ತು ಓಡಲು 4 ಯೂನಿಟ್ ಆಸುಪಾಸು ಕೇಳುತ್ತದೆ. ಒಂದೇ ಕೋಣೆಗೆ ಮನೆಯಷ್ಟೇ ದೊಡ್ಡ ಇನ್ನೊಂದು ಸಿಸ್ಟಮ್ ಕಟ್ಟಿದಂತಾಯಿತು. ಮೊದಲು ಮಾಡಿನತ್ತ ನೋಡಿ. ತಗಡಿನ ಮಾಡಿಗೆ ಬಿಳಿ ಬಣ್ಣ ಬಳಿದು, ಕೆಳಗೆ ಅರ್ಧ ಅಡಿ ಗಾಳಿ ಸಂದು ಬಿಟ್ಟು ಮುಚ್ಚಿಗೆ ಹಾಕಿಸಿದ ಮೇಲೂ ಎಸಿ ಬೇಕೆನಿಸಿದರೆ ಆಗ ಯೋಚಿಸಿ.

## ಹಳ್ಳದ ನೀರು ಮತ್ತು ಆಳದ ಪ್ರಶ್ನೆಗಳು

ತೋಟದ ಮೇಲೆ ಹಳ್ಳ ಇದೆ. ಅದರಿಂದ ಎಷ್ಟು ಕರೆಂಟ್ ಬರಬಹುದು?

ಎರಡು ಅಳತೆ ಬೇಕು. ನೀರನ್ನು ಪೈಪಿಗೆ ತಿರುಗಿಸಿ 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 4 ಸೆಕೆಂಡಾದರೆ ಸೆಕೆಂಡಿಗೆ 5 ಲೀಟರ್. ಎತ್ತರವನ್ನು ಗಾರೆಯವರ ನೀರಿನ ಲೆವೆಲ್ ಪೈಪಿನಿಂದ ಹಂತಹಂತವಾಗಿ ಅಳೆಯಿರಿ. ಮೀಟರಿನಲ್ಲಿ ಎತ್ತರ, ಲೀಟರಿನಲ್ಲಿ ಹರಿವು, 9.81, ಈ ಮೂರನ್ನೂ ಗುಣಿಸಿ ಅರ್ಧ ಮಾಡಿ. 5 ಲೀಟರ್, 20 ಮೀಟರ್ ಇದ್ದರೆ ಸುಮಾರು 490 ವ್ಯಾಟ್. ಚಿಕ್ಕ ಸಂಖ್ಯೆ ಅನ್ನಿಸಬಹುದು, ಆದರೆ ಇದು ಹಗಲೂ ರಾತ್ರಿ ಹರಿಯುತ್ತದೆ: ದಿನಕ್ಕೆ ಹತ್ತಿರಹತ್ತಿರ 12 ಯೂನಿಟ್. ಸೋಲಾರ್ ಸೋಲುವ ತಿಂಗಳುಗಳಲ್ಲೇ ಹಳ್ಳ ತುಂಬಿರುತ್ತದೆ, ಮಲೆನಾಡಿಗೆ ಇಂಥ ಜೋಡಿ ಇನ್ನೊಂದಿಲ್ಲ. ಅಳತೆಯನ್ನು ಆಗಸ್ಟಿನಲ್ಲಿ ಮಾತ್ರವಲ್ಲದೆ ಡಿಸೆಂಬರಿನಲ್ಲೂ ತೆಗೆದುಕೊಳ್ಳಿ, ಯಾವ ತಿಂಗಳವರೆಗೆ ಓಡುತ್ತದೆ ಎಂಬುದು ಆಗ ತಿಳಿಯುತ್ತದೆ. ಹಳ್ಳ ಅರಣ್ಯದ ಜಾಗದಲ್ಲಿದ್ದರೆ ಮೊದಲು ಅನುಮತಿ ಪಡೆಯಬೇಕು.

ಎರಡೂವರೆ ಇಂಚಿನ ಪೈಪು ಮನೇಲೇ ಇದೆ, ಅದನ್ನೇ ಹಾಕಿದ್ರೆ?

ಆ 63 ಮಿಲಿಮೀಟರ್ ಪೈಪಿನಲ್ಲಿ ಸೆಕೆಂಡಿಗೆ 5 ಲೀಟರ್ ಹರಿದರೆ ಪ್ರತಿ 100 ಮೀಟರಿಗೆ 6 ಮೀಟರ್ ಎತ್ತರ ಉಜ್ಜಾಟದಲ್ಲೇ ಕಳೆಯುತ್ತದೆ. 90 ಮಿಲಿಮೀಟರಿನಲ್ಲಿ ಕಳೆಯುವುದು 1 ಮೀಟರ್. ದುಡ್ಡು ಉಳಿಸಲು ಬೇರೆ ಜಾಗ ಹುಡುಕಿ. ಹಳ್ಳಕ್ಕೆ ಹಾಕಿದ ಒಡ್ಡಿನ ಬಾಯಿಗೆ ಓರೆಯಾದ ಸ್ಟೀಲ್ ಜರಡಿ ಇಡಿ, ನೆಟ್ಟಗೆ ನಿಲ್ಲಿಸಿದ ಜರಡಿಗೆ ಎಲೆ ಅಂಟಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ.

ರಾತ್ರಿ ಎಲ್ಲ ಆಫ್ ಮಾಡಿದ್ರೆ ಟರ್ಬೈನ್ ಏನಾಗುತ್ತೆ?

ಭಾರ ತಪ್ಪಿದ ಟರ್ಬೈನು ತನ್ನ ವೇಗದ ಎರಡು ಪಟ್ಟಿನ ಹತ್ತಿರ ಓಡಿ, ವೋಲ್ಟೇಜ್ ಏರಿ, ಮನೆಯ ಬಲ್ಬುಗಳನ್ನೆಲ್ಲ ಸುಡುತ್ತದೆ. ಅದಕ್ಕೆ ಲೋಡ್ ಕಂಟ್ರೋಲರ್ ಕಡ್ಡಾಯ. ಮನೆ ಬಳಸದ ವಿದ್ಯುತ್ತನ್ನೆಲ್ಲ ಅದು ಒಂದು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ಬಚ್ಚಲಿನ ಟ್ಯಾಂಕಿನೊಳಗೆ ಇಳಿಸಿ. ವಿದ್ಯುತ್ತಿನಿಂದ ನೀರು ಕಾಯಿಸಬಾರದೆಂಬ ನಮ್ಮ ಮಾತಿಗೆ ಇದೊಂದೇ ಅಪವಾದ, ಏಕೆಂದರೆ ಇಲ್ಲಿ ಬ್ಯಾಟರಿಯೇ ನಡುವೆ ಬರುವುದಿಲ್ಲ. ಟ್ಯಾಂಕಿನಲ್ಲಿ ನೀರು ಬರಿದಾದರೆ ಹೀಟರ್ ಸುಟ್ಟು ಟರ್ಬೈನು ಮತ್ತೆ ಹುಚ್ಚೋಟಕ್ಕೆ ಬೀಳುತ್ತದೆ, ಆದ್ದರಿಂದ ಟ್ಯಾಂಕಿಗೆ ಅಬ್ಬಿ ನೀರು ಸದಾ ತೆಳುವಾಗಿ ಬೀಳುತ್ತಿರಲಿ.

ಒಂದೇ ಎಚ್‌ಪಿ ಪಂಪು, ಇನ್ವರ್ಟರ್ 3 ಕೆವಿಎ. ಆದ್ರೂ ಟ್ರಿಪ್ ಆಗುತ್ತಲ್ಲ?

ಪಂಪು ಓಡುವಾಗ 1.1 ಕಿಲೋವ್ಯಾಟ್ ಎಳೆದರೂ, ಹೊರಡುವ ಕ್ಷಣದಲ್ಲಿ ಮೂರರಿಂದ ಆರು ಪಟ್ಟು ಕರೆಂಟು ಕೇಳುತ್ತದೆ. 5 ಕೆವಿಎ ಇನ್ವರ್ಟರ್ ಬೇಕು, ಇಲ್ಲವೇ ನಿಧಾನವಾಗಿ ವೇಗ ಹೆಚ್ಚಿಸುವ ಡ್ರೈವ್ ಸಹಿತ ಸೋಲಾರ್ ಪಂಪನ್ನು ಬೇರೆ ಪ್ಯಾನೆಲ್ಲಿಗೆ ಜೋಡಿಸಿ ಬ್ಯಾಟರಿಯಿಂದಲೇ ಹೊರಗಿಡಿ. ನೀರನ್ನು ಬ್ಯಾಟರಿಯಲ್ಲಿ ಅಲ್ಲ, ಎತ್ತರದ ಟ್ಯಾಂಕಿನಲ್ಲಿ ಕೂಡಿಡುವುದು ಅಗ್ಗ.

ಡಿಸೆಂಬರ್ ಬೆಳಗ್ಗೆ ಚಾರ್ಜ್ ಕಂಟ್ರೋಲರ್ ಸುಟ್ಟುಹೋಯ್ತು. ಮಳೆ ಇಲ್ಲ, ಸಿಡಿಲಿಲ್ಲ. ಏನು ಕಾರಣ?

ಚಳಿ. 540 ವ್ಯಾಟಿನ ಪ್ಯಾನೆಲ್ಲಿನ ತೆರೆದ ವೋಲ್ಟೇಜ್ (ಏನೂ ಜೋಡಿಸದಿದ್ದಾಗಿನದು) ಸುಮಾರು 49.5. ಮೂರನ್ನು ಸಾಲಾಗಿ ಜೋಡಿಸಿದರೆ 148.5, ಹಾಗಾಗಿ 150 ವೋಲ್ಟಿನ ಎಂಪಿಪಿಟಿ ಚಾರ್ಜ್ ಕಂಟ್ರೋಲರಿಗೆ ಸರಿಹೋಯಿತು ಎನಿಸುತ್ತದೆ. ಆದರೆ ಪ್ಯಾನೆಲ್ಲಿನ ಬೆನ್ನಿಗೆ ಬರೆದ ಅಂಕಿ 25 ಡಿಗ್ರಿಗೆ ಸಂಬಂಧಿಸಿದ್ದು. ಪ್ರತಿ ಡಿಗ್ರಿ ಇಳಿದಂತೆ ವೋಲ್ಟೇಜ್ ನೂರಕ್ಕೆ 0.27ರಷ್ಟು ಏರುತ್ತದೆ. ಕೊಡಗಿನಲ್ಲಿ 10 ಡಿಗ್ರಿಯ ಬೆಳಗ್ಗೆ ಮೊದಲ ಬಿಸಿಲು ಬಿದ್ದಾಗ ಅದು 154 ದಾಟುತ್ತದೆ. ಎರಡೆರಡರ ಸಾಲು ಮಾಡಿ, ಇಲ್ಲವೇ 250 ವೋಲ್ಟಿನ ಕಂಟ್ರೋಲರ್ ಕೊಳ್ಳಿ. ಪ್ಯಾನೆಲ್ ಕಡೆಗೆ ಡಿಸಿ ಕರೆಂಟಿಗೆಂದೇ ಮಾಡಿದ ಟ್ರಿಪ್ ಸ್ವಿಚ್ಚು, ಅಂದರೆ ಡಿಸಿ ಎಂಸಿಬಿಯನ್ನೇ ಹಾಕಿಸಿ. ಮನೆಯ ಲೈನಿಗೆ ಹಾಕುವ ಎಸಿ ಎಂಸಿಬಿ ಡಿಸಿಯ ಕಿಡಿಯನ್ನು ಆರಿಸಲಾರದೆ ಹೊತ್ತಿ ಉರಿಯುತ್ತದೆ.

ಸಿಡಿಲಿಗೆ ಎರಡು ಸಲ ಇನ್ವರ್ಟರ್ ಹೋಗಿದೆ. ಅರ್ತಿಂಗ್ ಇದೆಯಲ್ಲ, ಇನ್ನೇನು ಬೇಕು?

ಮೊದಲು ಆ ಅರ್ತಿಂಗ್ ಅಳೆಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಹೀರುವುದಿಲ್ಲ, ಭರಣಿ, ಕೃತ್ತಿಕೆ ಮಳೆಯ ದೊಡ್ಡ ಸಿಡಿಲುಗಳು ಬರುವುದೂ ಆಗಲೇ. 3 ಮೀಟರಿನ ತಾಮ್ರ ಲೇಪಿತ ಸರಳು ಎರಡೋ ಮೂರೋ ಬಡಿದು, ಒಂದಕ್ಕೊಂದು ಜೋಡಿಸಿ, 5 ಓಮ್‌ಗಿಂತ ಕೆಳಗೆ ತನ್ನಿ. ಬಚ್ಚಲಿನ ನೀರು ಹರಿಯುವ ಜಾಗ ಇದಕ್ಕೆ ಒಳ್ಳೆಯದು.

ಪ್ಯಾನೆಲ್ ಫ್ರೇಮು, ಇನ್ವರ್ಟರ್, ಮನೆಯ ಅರ್ತಿಂಗ್ ಬೇರೆಬೇರೆಯಾಗಿದ್ದರೆ ಸಿಡಿಲು ಹತ್ತಿರ ಬಿದ್ದಾಗ ಅವುಗಳ ನಡುವೆ ಸಾವಿರಾರು ವೋಲ್ಟು ಏಳುತ್ತದೆ, ಅದು ಹಾದುಹೋಗುವುದು ಇನ್ವರ್ಟರಿನೊಳಗಿಂದಲೇ. ಎಲ್ಲವನ್ನೂ ದಪ್ಪ ತಂತಿಯಿಂದ ಒಂದೇ ಅರ್ತಿಂಗ್‌ಗೆ ಕಟ್ಟಿ. ಪ್ಯಾನೆಲ್ ಕಡೆ ಡಿಸಿ ಎಸ್‌ಪಿಡಿ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹಾಯಿಸುವ ಸಾಧನ), ಮನೆ ಕಡೆ ಎಸಿ ಎಸ್‌ಪಿಡಿ, ಎರಡೂ ಟೈಪ್ 2, ಇನ್ವರ್ಟರಿಗೆ ಹತ್ತಿರವಿರಲಿ, ಅವುಗಳ ಅರ್ತಿಂಗ್ ತಂತಿ ಅರ್ಧ ಮೀಟರ್ ಮೀರದಿರಲಿ. ಎಸ್‌ಪಿಡಿಯ ಕಿಟಕಿ ಹಸಿರಿನಿಂದ ಕೆಂಪಾದರೆ ಅದರ ಕೆಲಸ ಮುಗಿದಿದೆ, ಆ ತುಂಡನ್ನು ಅದೇ ವಾರ ಬದಲಿಸಿ. ತಲೆಯ ಮೇಲೆ ಗುಡುಗು ಶುರುವಾದಾಗ ಡಿಸಿ ಐಸೊಲೇಟರ್ (ಪ್ಯಾನೆಲ್ಲಿನ ಸಂಪರ್ಕ ಕಡಿಯುವ ಸ್ವಿಚ್ಚು) ಇಳಿಸಬೇಡಿ, ಆ ಹೊತ್ತಿನಲ್ಲಿ ಅದರ ಹತ್ತಿರ ಹೋಗುವುದೇ ಅಪಾಯ. ಪಡುವಣದಲ್ಲಿ ಮೋಡ ಕಟ್ಟುವಾಗಲೇ ಇಳಿಸಿ.